ಡೆತ್‌ಸ್ಟ್ರೋಕ್‌ನ ಮನೆಮಂದಿ

ಡಿಸಿ ಕಾಮಿಕ್ಸ್‌ನ ಸುಪಾರಿ ಹಂತಕ ಸ್ಲೇಡ್ ವಿಲ್ಸನ್, ಅಂದರೆ ಡೆತ್‌ಸ್ಟ್ರೋಕ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕತ್ತಿ, ಬಂದೂಕುಗಳ ಬಗ್ಗೆ ಕೇಳಿದವರು ಕಡಿಮೆ. ಅವನ ಹೆಂಡತಿ ಮಕ್ಕಳ ಬಗ್ಗೆ ಕೇಳಿದವರೇ ಹೆಚ್ಚು. ನನಗೂ ಅದೇ ಮುಖ್ಯ ಅನ್ನಿಸುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ‘ಟೈಟನ್ಸ್’ ಎರಡನೇ ಸೀಸನ್ ನೋಡಿದೆ ಸರ್. ಡೆತ್‌ಸ್ಟ್ರೋಕ್‌ನ ಬಲಗಣ್ಣು ಯಾವ ಯುದ್ಧದಲ್ಲಿ ಹೋಯಿತು? ಒಬ್ಬ ಗೆಳೆಯ ವಿಯೆಟ್ನಾಂ ಅಂತಾನೆ, ಇನ್ನೊಬ್ಬ ಬ್ಯಾಟ್‌ಮ್ಯಾನ್ ಕಿತ್ತಿದ್ದು ಅಂತಾನೆ.
— ಬಿ.ಎ. ವಿದ್ಯಾರ್ಥಿ, ಮೈಸೂರು

ಇಬ್ಬರ ಮಾತೂ ತಪ್ಪು. ಆ ಕಣ್ಣು ಹೋದದ್ದು ಕಟ್ಟಿಕೊಂಡ ಹೆಂಡತಿಯ ಗುಂಡಿಗೆ.

ಕಥೆ ಹೀಗಿದೆ. ವಯಸ್ಸು ಸುಳ್ಳು ಹೇಳಿ ಹದಿನಾರಕ್ಕೇ ಅಮೆರಿಕದ ಸೈನ್ಯ ಸೇರಿದ ಹುಡುಗ ಸ್ಲೇಡ್. ಅಲ್ಲಿ ಅವನಿಗೆ ಗೆರಿಲ್ಲಾ ಯುದ್ಧ ಕಲಿಸಿದವಳು ಕ್ಯಾಪ್ಟನ್ ಅಡೆಲಿನ್ ಕೇನ್. ಶಿಷ್ಯ ಗುರುವನ್ನು ಮೀರಿಸಿದ, ಇಬ್ಬರೂ ಮದುವೆಯಾದರು. ಗ್ರಾಂಟ್, ಜೋಸೆಫ್ ಎಂಬ ಇಬ್ಬರು ಗಂಡುಮಕ್ಕಳಾದರು. ಈ ನಡುವೆ, ಜೋಸೆಫ್ ಹುಟ್ಟುವ ಮೊದಲೇ, ಸೈನ್ಯದ ಒಂದು ಔಷಧ ಪ್ರಯೋಗಕ್ಕೆ ಸ್ಲೇಡ್ ತಾನಾಗಿ ಮೈಯೊಡ್ಡಿದ್ದ. ಶತ್ರುಗಳ ಕೈಗೆ ಸಿಕ್ಕ ಸೈನಿಕ ಬಾಯಿ ಬಿಡದಂತೆ ಮಾಡುವುದು ಆ ಪ್ರಯೋಗದ ಉದ್ದೇಶ. ಅದು ಅವನಿಗೆ ಮನುಷ್ಯಮಾತ್ರರಿಗಿಲ್ಲದ ಬಲ, ಚುರುಕು ಕೊಟ್ಟಿತು. ಆಮೇಲೆ ಗೆಳೆಯ ವಿಂಟರ್‌ಗ್ರೀನ್‌ನನ್ನು ಉಳಿಸಲು ಮೇಲಧಿಕಾರಿಗಳ ಆಜ್ಞೆ ಮೀರಿದ. ಸೈನ್ಯದ ದಾರಿ ಅಲ್ಲಿಗೆ ಮುಗಿದು ಸುಪಾರಿಯ ದಾರಿ ಶುರುವಾಯಿತು. ಹೆಂಡತಿಗೆ ಇದರ ಸುಳಿವೇ ಇರಲಿಲ್ಲ. ಗಂಡ ಬೇಟೆಗೆ ಹೋಗುತ್ತಾನೆ, ದೇಶ ಸುತ್ತುತ್ತಾನೆ ಎಂದೇ ಆಕೆ ನಂಬಿದ್ದಳು.

ಜಾಕಲ್ ಎಂಬುವನು ಕಿರಿಮಗ ಜೋಸೆಫ್‌ನನ್ನು ಹೊತ್ತೊಯ್ದಾಗ ಗುಟ್ಟು ಹೊರಬಿತ್ತು. ಮಗು ಬೇಕಾದರೆ ಸುಪಾರಿ ಕೊಟ್ಟವರ ಹೆಸರು ಹೇಳು ಎಂದು ಜಾಕಲ್ ಪಟ್ಟು ಹಿಡಿದ. ಒಂದು ಹೆಸರು, ಅಷ್ಟೇ. ಸ್ಲೇಡ್ ಹೇಳಲಿಲ್ಲ. ಗಿರಾಕಿಯ ಗುಟ್ಟು ಕಾಯುವುದು ಅವನ ಕಸುಬಿನ ನೇಮ. ತನ್ನ ವೇಗದಲ್ಲಿ ಮಗುವನ್ನು ಉಳಿಸಿಕೊಳ್ಳಬಲ್ಲೆ ಎಂದು ಲೆಕ್ಕ ಹಾಕಿ ಮೇಲೆರಗಿದ. ಜೀವವೇನೋ ಉಳಿಯಿತು. ಆದರೆ ಅಷ್ಟರಲ್ಲಿ ಚಾಕು ಹುಡುಗನ ಗಂಟಲು ಸೀಳಿತ್ತು. ಜೋಸೆಫ್ ಮತ್ತೆಂದೂ ಮಾತಾಡಲಿಲ್ಲ. ಅಡೆಲಿನ್ ಬಂದೂಕು ಎತ್ತಿದ್ದು ಆಗ. ಹೆದರಿಸಲು ಎತ್ತಿದ್ದಲ್ಲ, ಕೊಲ್ಲಲೆಂದೇ ಎತ್ತಿದ್ದು. ಅವನ ಚುರುಕಿನಿಂದ ತಲೆ ಉಳಿಯಿತು, ಬಲಗಣ್ಣು ಹೋಯಿತು.

ಅವನ ಮುಖವಾಡ ನೋಡಿ. ಒಂದು ಬದಿ ಕಿತ್ತಳೆ, ಕಣ್ಣಿಲ್ಲದ ಬದಿ ಪೂರ್ತಿ ಕಪ್ಪು. ಅಲ್ಲಿ ಒಂದು ತೂತು ಕೂಡ ಇಲ್ಲ. ಕುರುಡು ಬದಿ ಯಾವುದೆಂದು ಎದುರಾಳಿಗೆ ತೋರಿಸಿಕೊಂಡೇ ಅವನು ಕಾಳಗಕ್ಕೆ ಬರುತ್ತಾನೆ. ಜನ ಅದನ್ನು ಧೈರ್ಯದ ಗುರುತು ಅಂದುಕೊಳ್ಳುತ್ತಾರೆ. ನನಗೆ ಅದು ಒಡೆದ ಮನೆಯ ಗುರುತಾಗಿ ಕಾಣುತ್ತದೆ.

ಇನ್ನೊಂದನ್ನೂ ಗಮನಿಸಿ. ಈ ಪ್ರಸಂಗ ಬರುವುದು 1984ರ ‘ಟೇಲ್ಸ್ ಆಫ್ ದಿ ಟೀನ್ ಟೈಟನ್ಸ್’ 44ನೇ ಸಂಚಿಕೆಯಲ್ಲಿ. ಅಲ್ಲಿ ಇದನ್ನು ಹೇಳುವವಳು ಅಡೆಲಿನ್. ಹಂತಕನ ಪೂರ್ವಕಥೆ ನಮಗೆ ಸಿಗುವುದು ಅವನ ಬಾಯಿಂದಲ್ಲ, ಅವನಿಂದ ನೊಂದ ಹೆಂಡತಿಯ ಬಾಯಿಂದ. ಕಥೆಗಾರ ಮಾರ್ವ್ ವುಲ್ಫ್‌ಮನ್ ಮಾಡಿದ ಈ ಒಂದು ಆಯ್ಕೆಯಿಂದ ಸ್ಲೇಡ್‌ನನ್ನು ನಾವು ನೋಡುವ ದಿಕ್ಕೇ ಬೇರೆಯಾಗುತ್ತದೆ.

ಹದಿಮೂರು ವರ್ಷದ ನನ್ನ ಮಗನಿಗೆ ಡೆತ್‌ಸ್ಟ್ರೋಕ್ ಅಂದರೆ ಪ್ರಾಣ. “ಅಮ್ಮಾ, ಅವನು ಕೆಟ್ಟವನಲ್ಲ, ಹರಿಶ್ಚಂದ್ರನ ಥರ ಕೊಟ್ಟ ಮಾತಿಗೆ ತಪ್ಪೋದಿಲ್ಲ” ಎಂದು ವಾದ ಮಾಡುತ್ತಾನೆ. ಏನು ಹೇಳಲಿ? ಅವನು ಈ ಪುಸ್ತಕಗಳನ್ನು ಓದಬಹುದೆ?
— ಒಬ್ಬ ತಾಯಿ, ದಾವಣಗೆರೆ

ನಿಮ್ಮ ಮಗ ಜಾಣ. ಸ್ಲೇಡ್‌ನ ಸೆಳೆತ ಇರುವ ಜಾಗಕ್ಕೇ ಬೆರಳಿಟ್ಟಿದ್ದಾನೆ. ಅವನ ವಾದವನ್ನು ತಳ್ಳಿಹಾಕಬೇಡಿ, ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಹರಿಶ್ಚಂದ್ರನೂ ಹೆಂಡತಿ ಮಗನನ್ನು ಮಾರಿದವನೇ. ಆದರೆ ಆಮೇಲೆ ತನ್ನನ್ನೇ ಮಾರಿಕೊಂಡು ಸುಡುಗಾಡು ಕಾಯಲು ನಿಂತ. ಸ್ಲೇಡ್ ಯಾವತ್ತು ತನ್ನನ್ನು ಮಾರಿಕೊಂಡ? ಅವನು ಉಳಿಸಿಕೊಂಡ ಮಾತಿನ ಬೆಲೆಯನ್ನು ಪ್ರತಿಸಲವೂ ಬೇರೆಯವರು ತೆತ್ತರು, ಅದರಲ್ಲೂ ಅವನ ಮಕ್ಕಳು. ಮತ್ತೆ ಅವನು ಮಾತು ಕೊಟ್ಟದ್ದಾದರೂ ಯಾರಿಗೆ? ಕೊಲೆಗೆ ದುಡ್ಡು ಕೊಟ್ಟವರಿಗೆ. ಇದನ್ನು ಮಗನ ಮುಂದಿಟ್ಟು, ಅವನು ಏನು ಹೇಳುತ್ತಾನೋ ಕೇಳಿ.

ಹಿರಿಮಗ ಗ್ರಾಂಟ್‌ನ ಕಥೆಯನ್ನೂ ಹೇಳಿ. ಡೆತ್‌ಸ್ಟ್ರೋಕ್ ಮೊದಲು ಕಾಣಿಸಿಕೊಂಡದ್ದು 1980ರ ಡಿಸೆಂಬರ್ ತಾರೀಖಿನ ‘ದಿ ನ್ಯೂ ಟೀನ್ ಟೈಟನ್ಸ್’ ಎರಡನೇ ಸಂಚಿಕೆಯಲ್ಲಿ. ಹದಿಹರೆಯದ ಸೂಪರ್‌ಹೀರೋಗಳ ಟೈಟನ್ಸ್ ತಂಡವನ್ನು ಮುಗಿಸಲು ಹೈವ್ ಎಂಬ ಗುಪ್ತಕೂಟ ಗ್ರಾಂಟ್‌ಗೆ ಅಪ್ಪನಂಥ ಶಕ್ತಿಯನ್ನು ಕೃತಕವಾಗಿ ಕೊಡುತ್ತದೆ. ಅವನು ರ‍್ಯಾವೆಜರ್ ಎಂಬ ಹೆಸರಿಟ್ಟುಕೊಳ್ಳುತ್ತಾನೆ. ಆ ಶಕ್ತಿಯೇ ಅವನ ಮೈಯನ್ನು ಒಳಗಿನಿಂದ ತಿಂದುಹಾಕುತ್ತದೆ, ಅಪ್ಪನ ತೋಳಿನಲ್ಲಿ ಸಾಯುತ್ತಾನೆ. ಮಗನನ್ನು ಕೊಂದದ್ದು ಹೈವ್ ಕೊಟ್ಟ ಶಕ್ತಿ. ಸ್ಲೇಡ್ ಮಾತ್ರ ತಪ್ಪನ್ನು ಟೈಟನ್ಸ್ ಮೇಲೆ ಹೊರಿಸಿ, ಮಗ ಅರ್ಧಕ್ಕೆ ಬಿಟ್ಟ ಸುಪಾರಿಯನ್ನು ತಾನು ಪೂರೈಸುತ್ತೇನೆಂದು ಹೊರಡುತ್ತಾನೆ. ಹೆಣದ ಮುಂದೆ ಕೂತು ಅಳಬೇಕಾದ ಗಳಿಗೆಯಲ್ಲಿ ಅವನಿಗೆ ಹೊಳೆಯುವುದು ಕೆಲಸ. ಆಮೇಲಿನ ಅವನ ಬದುಕೆಲ್ಲ ಹೀಗೆಯೇ ನಡೆಯಿತು.

ಓದುವ ವಿಚಾರ. ‘ದಿ ಜೂಡಾಸ್ ಕಾಂಟ್ರ್ಯಾಕ್ಟ್’ ಎಂಬ ಡೆತ್‌ಸ್ಟ್ರೋಕ್ ಕಥೆಯನ್ನು ಹದಿಮೂರರ ಹುಡುಗನ ಕೈಗೆ ಒಂಟಿಯಾಗಿ ಕೊಡಬೇಡಿ. ಅದರಲ್ಲಿ ಟೆರಾ ಎಂಬ ಹದಿನೈದು ಹದಿನಾರರ ಹುಡುಗಿಯನ್ನು ಸ್ಲೇಡ್ ಗೂಢಚಾರಿಣಿಯಾಗಿ ಟೈಟನ್ಸ್ ಮನೆಗೆ ನುಗ್ಗಿಸುತ್ತಾನೆ. ಅವಳ ಜೊತೆ ಅವನಿಗೆ ದೈಹಿಕ ಸಂಬಂಧವಿದೆ ಎಂಬುದನ್ನು ಕಥೆ ಸ್ಪಷ್ಟವಾಗಿಯೇ ಸೂಚಿಸುತ್ತದೆ. ಬೆಳೆದ ಗಂಡಸು ಹದಿಹರೆಯದ ಹುಡುಗಿಯ ಮೇಲೆ ಮಾಡುವ ದೌರ್ಜನ್ಯ ಅದು. ಹಳೆಯ ಅಭಿಮಾನಿಗಳು ಅವಳೇ ಕೆಟ್ಟವಳು ಎನ್ನುವುದನ್ನು ಕೇಳಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಸಿಟ್ಟಿನಲ್ಲಿ ತಾನೇ ಕೆಡವಿದ ಕಲ್ಲುಬಂಡೆಗಳಡಿ ಅವಳು ಸಾಯುತ್ತಾಳೆ, ಅವನು ಬದುಕಿರುತ್ತಾನೆ. ನೀವೇ ಮೊದಲು ಓದಿ. ಆಮೇಲೆ ಜೊತೆಗೆ ಕೂತು ಓದಿ.

ಔಷಧದಿಂದ ಸ್ಲೇಡ್ ಮೆದುಳಿನ 90 ಭಾಗ ಬಳಸುತ್ತಾನಂತೆ, ನಾವು 10 ಭಾಗ ಮಾತ್ರವಂತೆ. ನಿಜವೆ?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ನಿಜವಲ್ಲ. ಹತ್ತು ಭಾಗದ ಮಾತು ಹಳೆಯ ತಪ್ಪು ನಂಬಿಕೆ. ನಾವೆಲ್ಲರೂ ಮೆದುಳನ್ನು ಪೂರ್ತಿ ಬಳಸುತ್ತೇವೆ, ನಿದ್ದೆಯಲ್ಲೂ ಅದು ಕೆಲಸ ಮಾಡುತ್ತಿರುತ್ತದೆ. ಕಥೆಯಲ್ಲಿ ಒಪ್ಪಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಡೆಡ್‌ಪೂಲ್‌ನ ನಿಜನಾಮ ವೇಡ್ ವಿಲ್ಸನ್. ಇವನು ಸ್ಲೇಡ್ ವಿಲ್ಸನ್. ಯಾರು ಯಾರನ್ನು ನೋಡಿ ಮಾಡಿದ್ದು?
— ಓದುಗ, ಹುಬ್ಬಳ್ಳಿ

ಮೊದಲು ಬಂದವನು ಸ್ಲೇಡ್, 1980ರಲ್ಲಿ. ಮಾರ್ವೆಲ್‌ನ ಡೆಡ್‌ಪೂಲ್ ಬಂದದ್ದು 1991ರಲ್ಲಿ, ‘ನ್ಯೂ ಮ್ಯೂಟಂಟ್ಸ್’ 98ನೇ ಸಂಚಿಕೆಯಲ್ಲಿ. ರಾಬ್ ಲೀಫೆಲ್ಡ್, ಫೇಬಿಯನ್ ನಿಸೀಝಾ ಅವನ ಸೃಷ್ಟಿಕರ್ತರು. ಹೋಲಿಕೆ ಎದ್ದು ಕಾಣುತ್ತದೆ, ವಿಲ್ಸನ್ ಎಂಬ ಹೆಸರು ಆ ಹೋಲಿಕೆಯನ್ನು ಮುಚ್ಚಿಡದೆ ಒಪ್ಪಿಕೊಂಡದ್ದರ ಗುರುತು. ಆದರೆ ಸ್ವಭಾವದಲ್ಲಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಡೆಡ್‌ಪೂಲ್ ಬಾಯಿ ಮುಚ್ಚುವುದೇ ಇಲ್ಲ. ಸ್ಲೇಡ್ ಹೇಳಲೇಬೇಕಾದದ್ದನ್ನೂ ಹೇಳುವುದಿಲ್ಲ.

ಶ್ರವಣದೋಷವುಳ್ಳ ಮಕ್ಕಳಿಗೆ ಪಾಠ ಹೇಳುತ್ತೇನೆ. ಸೀರೀಸ್‌ನಲ್ಲಿ ಜೆರಿಕೋ ಕೈಸನ್ನೆಯಲ್ಲಿ ಮಾತಾಡುವುದನ್ನು ನೋಡಿ ನಮ್ಮ ಮಕ್ಕಳು ಕುಣಿದಾಡಿದರು. ಕಾಮಿಕ್ಸ್‌ನಲ್ಲೂ ಅವನು ಹೀಗೆಯೇ ಇದ್ದಾನೆಯೆ?
— ಶಿಕ್ಷಕಿ, ಧಾರವಾಡ

ಇದ್ದಾನೆ ಮೇಡಂ. ಗಂಟಲು ಸೀಳಿಸಿಕೊಂಡ ಆ ಜೋಸೆಫ್‌ನೇ ಬೆಳೆದು ಜೆರಿಕೋ ಆದವನು. ಒಂದು ವ್ಯತ್ಯಾಸವಿದೆ. ಕಾಮಿಕ್ಸ್‌ನ ಜೆರಿಕೋಗೆ ಕಿವಿ ಕೇಳುತ್ತದೆ, ಮಾತು ಬರುವುದಿಲ್ಲ. 2019ರಲ್ಲಿ ಬಂದ ‘ಟೈಟನ್ಸ್’ ಎರಡನೇ ಸೀಸನ್‌ನಲ್ಲಿ ಆ ಪಾತ್ರ ಮಾಡಿದ ಚೆಲ್ಲಾ ಮ್ಯಾನ್ ನಿಜಜೀವನದಲ್ಲಿ ಶ್ರವಣದೋಷವುಳ್ಳ ಕಲಾವಿದ. ಸನ್ನೆಭಾಷೆ ಅವರ ಕೈಯಲ್ಲಿ ಸಹಜವಾಗಿ ಹರಿಯುವುದು ಅದಕ್ಕೇ. ಇದನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ.

ಕಾಮಿಕ್ಸ್‌ನಲ್ಲಿ ಈ ಹುಡುಗನನ್ನು ಕಟ್ಟಿದ ಬಗೆ ನನಗೆ ತುಂಬ ಇಷ್ಟ. ಎಂಬತ್ತರ ದಶಕದ ಕಾಮಿಕ್ಸ್‌ನಲ್ಲಿ ಪಾತ್ರ ಬಾಯಿ ತೆರೆಯದಿದ್ದರೂ ಅದರ ಮನಸ್ಸಿನ ಮಾತು ತಲೆಯ ಮೇಲೆ ಮೋಡದಂಥ ಗುಳ್ಳೆಯಲ್ಲಿ ಬರುತ್ತಿತ್ತು. ಜೆರಿಕೋಗೆ ಆ ಗುಳ್ಳೆಯನ್ನೂ ಕೊಡುವುದು ಬೇಡ ಎಂದು ವುಲ್ಫ್‌ಮನ್ ಮತ್ತು ಚಿತ್ರಕಾರ ಜಾರ್ಜ್ ಪೆರೆಜ್ ನಿರ್ಧರಿಸಿದರು. ಅಂದರೆ ಅವನ ಒಳಗು ಪೂರ್ತಿ ಪೆರೆಜ್ ಕುಂಚದ ಪಾಲಿಗೆ ಬಿತ್ತು. ಗುಂಗುರು ಕೂದಲ ಹುಡುಗನ ಹುಬ್ಬು, ತುಟಿಯಂಚು, ಬೆರಳು, ಭುಜ ಬಾಗಿದ ರೀತಿ, ಇಷ್ಟರಲ್ಲೇ ಓದುಗ ಅವನನ್ನು ಅರ್ಥಮಾಡಿಕೊಳ್ಳಬೇಕು. ಒಂದು ಪುಟ ತೆಗೆದು ಬೇರೆಯವರ ಮಾತಿನ ಗುಳ್ಳೆಗಳನ್ನು ಕೈಯಿಂದ ಮುಚ್ಚಿ ನೋಡಿ. ಜೆರಿಕೋ ಏನು ಹೇಳುತ್ತಿದ್ದಾನೆ ಎಂಬುದು ಆಗಲೂ ತಿಳಿಯುತ್ತದೆ. 2022ರ ಮೇ ತಿಂಗಳಲ್ಲಿ ಪೆರೆಜ್ ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಅವರ ಭಾರೀ ಯುದ್ಧದ ಪುಟಗಳಲ್ಲ, ಈ ಹುಡುಗನ ಮುಖ.

ಜೆರಿಕೋಗೆ ಒಂದು ಶಕ್ತಿಯೂ ಇದೆ. ಯಾರ ಕಣ್ಣಿಗೆ ಕಣ್ಣು ಕೊಟ್ಟರೂ ಅವರ ಮೈಯೊಳಗೆ ಹೊಕ್ಕು ಅದನ್ನು ನಡೆಸಬಲ್ಲ. ಅದು ಬಂದದ್ದು ಅಪ್ಪನಿಂದಲೇ, ಪ್ರಯೋಗ ಬದಲಿಸಿದ ಅಪ್ಪನ ರಕ್ತದಿಂದ. ಅಪ್ಪ ಅದೇ ರಕ್ತವನ್ನು ಕೊಲ್ಲಲು ಬಳಸಿದ. ಮಗ ಚಿತ್ರ ಬರೆದ, ಸಂಗೀತ ನುಡಿಸಿದ, ಅಪ್ಪ ಬೇಟೆಯಾಡುತ್ತಿದ್ದ ಟೈಟನ್ಸ್ ತಂಡವನ್ನೇ ಸೇರಿ ಅವರನ್ನು ಸೆರೆಯಿಂದ ಬಿಡಿಸಿಕೊಂಡು ಬಂದ.

ಸ್ಲೇಡ್‌ಗೆ ಮಗಳೂ ಇದ್ದಾಳಲ್ಲ, ರೋಸ್. ಅವಳೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿರುತ್ತಾಳೆ. ಅಪ್ಪನೇ ಕಣ್ಣು ತೆಗೆದನೆ? ಅವಳು ಅಡೆಲಿನ್ ಮಗಳೆ?
— ಗೃಹಿಣಿ, ಉಡುಪಿ

ಅಡೆಲಿನ್ ಮಗಳಲ್ಲ. ತಾಯಿ ಲಿಲಿಯನ್ ವರ್ತ್, ಸ್ವೀಟ್ ಲಿಲಿ ಎಂದು ಕರೆಯುತ್ತಾರೆ. ಅಪ್ಪನ ಶತ್ರುಗಳಿಂದ ದೂರವಿರಲಿ ಎಂದು ಮಗಳನ್ನು ಬಚ್ಚಿಟ್ಟು ಬೆಳೆಸಿದಳು. ರೋಸ್ ಮೊದಲು ಬಂದದ್ದು 1992ರಲ್ಲಿ, ಡೆತ್‌ಸ್ಟ್ರೋಕ್‌ನ ಸ್ವಂತ ಮಾಲೆಯ 15ನೇ ಸಂಚಿಕೆಯಲ್ಲಿ.

ಕಣ್ಣಿನ ಕಥೆ ಬಂದದ್ದು 2003ರಲ್ಲಿ ಜೆಫ್ ಜಾನ್ಸ್ ಶುರುಮಾಡಿದ ‘ಟೀನ್ ಟೈಟನ್ಸ್’ ಮಾಲೆಯಲ್ಲಿ. ಸ್ಲೇಡ್ ತನ್ನ ಮೈಗೆ ಹೊಕ್ಕ ಔಷಧವನ್ನೇ ಮಗಳಿಗೆ ಕೊಟ್ಟು, ಸತ್ತ ಅಣ್ಣನ ರ‍್ಯಾವೆಜರ್ ಹೆಸರನ್ನೂ ಅವಳಿಗೆ ತೊಡಿಸುತ್ತಾನೆ. ಔಷಧದ ಅಮಲಿನಲ್ಲಿ, ಅಪ್ಪನಿಗೆ ತಾನು ತಕ್ಕ ಮಗಳು ಎಂದು ತೋರಿಸಲು, ರೋಸ್ ತನ್ನ ಕಣ್ಣನ್ನು ತಾನೇ ಕಿತ್ತುಕೊಳ್ಳುತ್ತಾಳೆ. ಕೈ ಅವಳದು, ಕೆಲಸ ಅವನದು. ಈ ಮನೆಯ ಇಡೀ ಕಥೆಯಲ್ಲಿ ಇದಕ್ಕಿಂತ ಕಠೋರವಾದ ಪುಟ ನಾನು ಓದಿಲ್ಲ. ಆದರೂ ರೋಸ್ ಅಲ್ಲಿಗೇ ನಿಲ್ಲುವುದಿಲ್ಲ. ಅಪ್ಪನನ್ನು ಬಿಟ್ಟು ಬಂದು ಟೈಟನ್ಸ್ ಸೇರುತ್ತಾಳೆ, ಸಿಡುಕುತ್ತಾಳೆ, ಜಗಳಾಡುತ್ತಾಳೆ, ಮತ್ತೆ ಮತ್ತೆ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಅವಳ ಮೇಲೆ ನನಗೆ ಬಹಳ ಅಕ್ಕರೆ.

ನಾನೂ ಕೆಲಸ ಕೆಲಸ ಎಂದು ಮನೆ ಬಿಟ್ಟು ಹೊರಗೇ ಇದ್ದ ಅಪ್ಪ. ಅದಕ್ಕೇ ಕೇಳುತ್ತಿದ್ದೇನೆ. ಸ್ಲೇಡ್‌ಗೆ ಮಕ್ಕಳ ಮೇಲೆ ನಿಜವಾಗಿ ಪ್ರೀತಿ ಇತ್ತೆ?
— ನಿವೃತ್ತ ನೌಕರ, ಬಳ್ಳಾರಿ

ಇತ್ತು. ಇಲ್ಲದಿದ್ದರೆ ಈ ಕಥೆ ನಲವತ್ತು ವರ್ಷ ಎಳೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಆರಂಭದ ‘ಟೈಟನ್ಸ್ ಹಂಟ್’ ಕಥೆಯಲ್ಲಿ ಜೆರಿಕೋ ಮೈಯನ್ನು ದುಷ್ಟ ಆತ್ಮಗಳು ಆವರಿಸುತ್ತವೆ. ಒಂದು ಗಳಿಗೆ ಎಚ್ಚರ ಬಂದ ಮಗ ತನ್ನನ್ನು ಕೊಂದುಬಿಡೆಂದು ಅಪ್ಪನನ್ನು ಬೇಡುತ್ತಾನೆ. ಸ್ಲೇಡ್ ಕತ್ತಿ ಇರಿಯುತ್ತಾನೆ. ಮಗನ ಟೈಟನ್ಸ್ ಗೆಳೆಯರ ಪ್ರಾಣ ಉಳಿಯುತ್ತದೆ, ಅಪ್ಪ ಕುಗ್ಗಿಹೋಗುತ್ತಾನೆ. ಎಷ್ಟೋ ವರ್ಷದ ಮೇಲೆ ಬೇರೊಬ್ಬ ಲೇಖಕ ಇದಕ್ಕೆ ಒಂದು ತಿರುವು ಕೊಟ್ಟ. ಸಾಯುವ ಗಳಿಗೆಯಲ್ಲಿ ಜೆರಿಕೋ ಅಪ್ಪನ ಕಣ್ಣಿಗೆ ಕಣ್ಣು ಕೊಟ್ಟು ಅವನೊಳಗೇ ಹೊಕ್ಕು ಅಡಗಿದ್ದನಂತೆ. ತಾನು ಕೊಂದೆ ಅಂದುಕೊಂಡ ಮಗನನ್ನು ಅಪ್ಪ ತನಗೇ ತಿಳಿಯದೆ ಹೊತ್ತು ತಿರುಗುತ್ತಿದ್ದ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ಕ್ರಿಸ್ಟೋಫರ್ ಪ್ರೀಸ್ಟ್ 2016ರಿಂದ 2019ರವರೆಗೆ ಬರೆದ 50 ಸಂಚಿಕೆಗಳಲ್ಲಿದೆ. ಮೊದಲ ಕಥೆಯಲ್ಲಿ ಯಾರೋ ರೋಸ್ ತಲೆಗೆ ಸುಪಾರಿ ಕೊಟ್ಟಿರುತ್ತಾರೆ. ಸ್ಲೇಡ್ ಮಗಳ ಜೊತೆ ನಿಂತು ಆ ಶತ್ರುವನ್ನು ಹುಡುಕುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಸುಪಾರಿ ಕೊಟ್ಟವನು ಸ್ಲೇಡ್‌ನೇ. ಮಗಳ ಜೊತೆ ನಾಲ್ಕು ದಿನ ಕಳೆಯಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. “ಬಾ, ಊಟ ಮಾಡೋಣ” ಎಂದು ಕರೆಯಲು ಬಾರದ ಅಪ್ಪ ಅವನು. ಪ್ರೀತಿ ಇತ್ತು, ಅದನ್ನು ಹೇಳಲು ಅವನ ಹತ್ತಿರ ಕಸುಬಿನ ಭಾಷೆ ಬಿಟ್ಟು ಬೇರೆ ಭಾಷೆ ಇರಲಿಲ್ಲ.

ಆದರೆ ನಿಮ್ಮನ್ನು ಅವನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಡಿ. ಇಂಥ ಪ್ರಶ್ನೆಯನ್ನು ನೀವು ಬಾಯಿಬಿಟ್ಟು ಕೇಳಿದಿರಿ. ಸ್ಲೇಡ್‌ನಿಂದ ಅದು ಆಗಿದ್ದರೆ ಅವನ ಮನೆ ಬೇರೆಯೇ ಆಗುತ್ತಿತ್ತು. ಮಕ್ಕಳಿಗೆ ಇವತ್ತೇ ಒಂದು ಫೋನ್ ಮಾಡಿ.

ಹೊಸಬರು ಎಲ್ಲಿಂದ ಓದಬೇಕು? ಸಂಚಿಕೆಗಳ ರಾಶಿ ನೋಡಿದರೆ ದಿಗಿಲಾಗುತ್ತದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೊದಲು ‘ದಿ ಜೂಡಾಸ್ ಕಾಂಟ್ರ್ಯಾಕ್ಟ್’. ಮೂಲದಲ್ಲಿ ಅದು 1984ರ ‘ಟೇಲ್ಸ್ ಆಫ್ ದಿ ಟೀನ್ ಟೈಟನ್ಸ್’ ಮಾಲೆಯ 42ರಿಂದ 44ರವರೆಗಿನ ಸಂಚಿಕೆಗಳು ಮತ್ತು ಮೂರನೇ ವಾರ್ಷಿಕ ವಿಶೇಷಾಂಕ, ಈಗ ಒಂದೇ ಪುಸ್ತಕವಾಗಿ ಸಿಗುತ್ತದೆ. 2017ರ ಆನಿಮೇಷನ್ ಚಿತ್ರ ನೋಡಿದ್ದೇನೆ, ಸಾಕು ಎನ್ನಬೇಡಿ. ಆಮೇಲೆ ನೇರವಾಗಿ ಪ್ರೀಸ್ಟ್ ಬರೆದ ಮಾಲೆಗೆ ಹೋಗಿ, ನಡುವಿನದನ್ನು ಬಿಟ್ಟರೆ ನಷ್ಟವಿಲ್ಲ. ಪ್ರೀಸ್ಟ್ ಕಾಲವನ್ನು ಹಿಂದೆ ಮುಂದೆ ಜಿಗಿಸುತ್ತಾರೆ. ಮೊದಲ ಕೆಲವು ಸಂಚಿಕೆಗಳಲ್ಲಿ ಯಾವುದು ಇಂದು, ಯಾವುದು ಅಂದು ಎಂದು ತಲೆ ಕೆಡುವುದು ಸಹಜ. ನಡುನಡುವೆ ಬರುವ ಕಪ್ಪು ಚೌಕದ ತಲೆಬರಹಗಳನ್ನು ಹಾರಿಸದೆ ಓದಿ, ದಾರಿ ಸಿಗುತ್ತದೆ.