ತುಂಬಿದ ಕೆನ್ನೆಯೆಲ್ಲ ಆರೋಗ್ಯವಲ್ಲ

ಮುಂಬಯಿಯಲ್ಲಿ ಹಲವು ವರ್ಷ ದುಡಿದು ಊರಿಗೆ ಹೋದವನನ್ನು ಕಂಡು, "ಮುಂಬಯಿ ನೀರು ಹಿಡಿಸಿದೆ, ಕೆನ್ನೆ ತುಂಬಿದೆ" ಎಂದು ಹಿರಿಯರು ಸಂತೋಷಪಡುವುದುಂಟು. ಆದರೆ ಕೈಕಾಲು ಸೊರಗಿ, ಎರಡು ಕಿವಿಗಳ ಮುಂದೆ ಮಾತ್ರ ಊದಿಕೊಂಡಿದ್ದರೆ ಅದು ಮೈ ತುಂಬಿದ ಲಕ್ಷಣವಲ್ಲ. ಬಹುಕಾಲದ ಕುಡಿತವು ಜೊಲ್ಲಿನ ಗ್ರಂಥಿಗಳನ್ನು ಕೆಡಿಸಿರುವ ಗುರುತು ಅದಾಗಿರಬಹುದು.

ನಮಗೆ ಜೊಲ್ಲಿನ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ. ಒಂದು ಜೊತೆ ಕಿವಿಗಳ ಮುಂದೆ, ಇನ್ನೊಂದು ದವಡೆಯ ಕೆಳಗೆ, ಮತ್ತೊಂದು ನಾಲಗೆಯ ಅಡಿಯಲ್ಲಿ. ಇವೂ ನೂರಾರು ಸಣ್ಣ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರು ಜೊಲ್ಲನ್ನು ಒದಗಿಸುತ್ತವೆ. ಅನ್ನ, ರೊಟ್ಟಿಗಳ ಪಿಷ್ಟವನ್ನು ಜೀರ್ಣಿಸಲು ಮೊದಲು ಮಾಡುವುದೂ, ಹಲ್ಲನ್ನು ಹುಳಿಯಿಂದ ಕಾಯುವುದೂ ಈ ಜೊಲ್ಲೇ.

ವರ್ಷಗಟ್ಟಲೆ ಕುಡಿದರೆ ಈ ಗ್ರಂಥಿಗಳನ್ನು ನಡೆಸುವ ಸೂಕ್ಷ್ಮ ನರಗಳು ಕೆಡುತ್ತವೆಂದು ವೈದ್ಯರು ತಿಳಿದಿದ್ದಾರೆ. ಕುಡಿತದ ಸಂಗಡ ಬರುವ ಅರೆಹೊಟ್ಟೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಗ್ರಂಥಿಯ ಜೀವಕೋಶಗಳು ಉಬ್ಬುತ್ತವೆ. ಮುಂದೆ ಅಲ್ಲಿ ಕೊಬ್ಬು ಸೇರುತ್ತದೆ. ಮಂಗನಬಾವಿನಂತೆ ಜ್ವರವಿಲ್ಲ, ನೋವಿಲ್ಲ. ಆದ್ದರಿಂದಲೇ ಯಾರೂ ಗಮನಿಸುವುದಿಲ್ಲ. ಜೊಲ್ಲು ಕಡಿಮೆಯಾದಂತೆ ಬಾಯಿ ಒಣಗುತ್ತದೆ, ಹಲ್ಲು ಹುಳುಕಾಗುತ್ತದೆ, ವಸಡು ಸಡಿಲವಾಗುತ್ತದೆ. ಇಂಥವರಲ್ಲಿ ಅನೇಕರಿಗೆ ಪಿತ್ತಕೋಶದ ಪಕ್ಕದ ಯಕೃತ್ತೂ ಕೆಟ್ಟಿರುತ್ತದೆ. ಕುಡಿತದೊಡನೆ ತಂಬಾಕೂ ಸೇರಿದರೆ ಬಾಯಿಯ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಆದರೆ ಕೆನ್ನೆ ಊದಿದವರೆಲ್ಲ ಕುಡುಕರೆಂದು ತಿಳಿಯಬಾರದು. ಸಕ್ಕರೆ ಕಾಯಿಲೆಯಲ್ಲಿಯೂ ಹೀಗಾಗುವುದುಂಟು. ಒಂದೇ ಕಡೆ ಗಂಟು ಕಂಡರಂತೂ ತಡಮಾಡದೆ ತೋರಿಸತಕ್ಕದ್ದು. ಪರೇಲಿನ ಕೆ.ಇ.ಎಂ., ಶೀವದ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲಿನ ನಾಯರ್, ಇವು ಮಹಾನಗರಪಾಲಿಕೆಯ ಆಸ್ಪತ್ರೆಗಳು. ನಾಯರ್‌ನಲ್ಲಿ ಹಲ್ಲಿನ ಆಸ್ಪತ್ರೆಯೂ ಇದೆ. ಎಷ್ಟು ವರ್ಷದಿಂದ ಎಷ್ಟು ಕುಡಿಯುತ್ತೀರೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಇದಕ್ಕೆ ಮುಖ್ಯ ಔಷಧ ಕುಡಿತ ಬಿಡುವುದು, ಹೊತ್ತಿಗೆ ಸರಿಯಾಗಿ ಊಟಮಾಡುವುದು. ಹಾಗೆ ಮಾಡಿದವರಲ್ಲಿ ಹಲವರಿಗೆ ಊತ ಇಳಿಯುತ್ತದೆ. ಬಹಳ ಹಳೆಯದಾದರೆ ಪೂರ್ತಿ ಇಳಿಯದೆ ಉಳಿಯಲೂಬಹುದು. ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದಕಾರಣ ವೈದ್ಯರ ನೆರವಿನಿಂದಲೇ ಬಿಡಬೇಕು. ಬಿಟ್ಟ ಮೇಲೆ ಜೊತೆ ಬೇಕೆಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು ಮುಂಬಯಿಯಲ್ಲಿ ನಡೆಯುತ್ತವೆ. ಶುಲ್ಕವಿಲ್ಲ, ಹೆಸರು ಹೊರಬೀಳುವುದಿಲ್ಲ.

ಕೋಣೆಯ ಸಂಗಾತಿಯೊಬ್ಬನ ಕೆನ್ನೆ ಹೀಗೆ ಕಂಡರೆ ಹಾಸ್ಯ ಮಾಡಬೇಡಿರಿ. ರಜೆಯ ದಿನ ಅವನ ಜೊತೆಗೆ ಆಸ್ಪತ್ರೆಗೆ ಹೋಗಿಬನ್ನಿರಿ.