ಬಾಯಿ ಮುಚ್ಚಿದ ಹಂಡೆ

ಕುಂದಲಹಳ್ಳಿಯಲ್ಲಿ ಒಂದು ವಠಾರ. ಅಲ್ಲಿ ಎಂಟು ಬಾಡಿಗೆ ಮನೆ. ನಾಲ್ಕು ಮನೆಯ ಅಕ್ಕಂದಿರು ನಮ್ಮ ಸಂಜೆ ತರಗತಿಗೆ ಬರುತ್ತಾರೆ.

ಒಂದು ದಿನ ಅವರಲ್ಲಿ ಒಬ್ಬರು ಬೆರಳು ಉಜ್ಜಿಕೊಳ್ಳುತ್ತಾ ಬಂದರು. "ಟೀಚರ್, ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ" ಅಂದರು. ಹಿಂದಿನ ವಾರ ಓನರ್ ಗೀಸರ್ ಹಾಕಿಸಿದ್ದರಂತೆ. ಬಾಡಿಗೆಯನ್ನೂ ಏರಿಸಿದ್ದರಂತೆ. ಬಿಸಿನೀರು ಬಂತಲ್ಲ ಎಂದು ಮನೆಯವರೆಲ್ಲ ಖುಷಿಯಾಗಿದ್ದರು.

ಜುಮ್ ಅಂದರೆ ಏನು? ಅದು ಕರೆಂಟು. ಇವತ್ತು ಜುಮ್ ಅಂದದ್ದು ನಾಳೆ ಜೀವ ತೆಗೆಯಬಹುದು. "ಅಕ್ಕ, ಆ ನಲ್ಲಿ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ" ಅಂದೆವು. ಆ ದಿನ ಪಾಠ ನಿಲ್ಲಿಸಿ ಎಲ್ಲರೂ ಅವರ ಮನೆಗೆ ಹೋದೆವು.

ಗೀಸರ್ ಗೋಡೆಯಲ್ಲಿ ಗಟ್ಟಿಯಾಗಿಯೇ ನೇತಾಡುತ್ತಿತ್ತು. ಆದರೆ ಕೆಲಸ ಅರ್ಧಂಬರ್ಧ. ಗೀಸರಿನಿಂದ ಬಂದ ಹಸಿರು ತಂತಿಯನ್ನು ಪ್ಲಗ್ಗಿಗೆ ಸೇರಿಸಿರಲಿಲ್ಲ. ಮಡಚಿ ಟೇಪು ಸುತ್ತಿದ್ದರು. ಪ್ಲಗ್ಗು ಟಿ.ವಿ.ಗೆ ಹಾಕುವಂಥ ಸಣ್ಣದು. ಅದರ ಸುತ್ತ ಆಗಲೇ ಕಂದು ಬಣ್ಣಕ್ಕೆ ಸುಟ್ಟಿತ್ತು. ಸೇಫ್ಟಿ ವಾಲ್ವ್ ಇರಲೇ ಇಲ್ಲ.

ಈ ವಾಲ್ವ್ ಯಾಕೆ ಬೇಕು? ನಮ್ಮ ಹಳೇ ಬಚ್ಚಲಮನೆ ನೆನಪು ಮಾಡಿಕೊಳ್ಳಿ. ಒಲೆಯ ಮೇಲೆ ತಾಮ್ರದ ಹಂಡೆ. ಹಂಡೆಗೆ ಬಾಯಿ ಇತ್ತು. ನೀರು ಕುದಿದರೆ ಆವಿ ಬಾಯಿಂದ ಹೊರಗೆ ಹೋಗುತ್ತಿತ್ತು. ಗೀಸರ್ ಕೂಡ ಹಂಡೆಯೇ. ಆದರೆ ಅದು ಬಾಯಿ ಮುಚ್ಚಿದ ಹಂಡೆ.

ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ತಣ್ಣೀರು ಸ್ನಾನಕ್ಕೆ ಬೇಕಾದಷ್ಟು ಕಾದರೆ ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಆ ಹೆಚ್ಚಿನ ನೀರಿಗೆ ಜಾಗ ಬೇಕು. ಗೀಸರ್ ಒಳಗೆ ಥರ್ಮೋಸ್ಟಾಟ್ ಎಂಬ ಸಾಧನ ಇದೆ. ಬಿಸಿ ಸಾಕಾದಾಗ ಅದು ಕರೆಂಟು ನಿಲ್ಲಿಸುತ್ತದೆ. ಅದು ಕೆಟ್ಟರೆ ನೀರು ಕಾಯುತ್ತಲೇ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಕು. ಮುಚ್ಚಿದ ಹಂಡೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಹಂಡೆ ಸಿಡಿಯುತ್ತದೆ.

ಕುಕ್ಕರ್ ನಿಮಗೆ ಗೊತ್ತು. ಸೀಟಿ ಕಟ್ಟಿಕೊಂಡರೆ ಮುಚ್ಚಳದ ಸೇಫ್ಟಿ ವಾಲ್ವ್ ಬಿಟ್ಟುಕೊಳ್ಳುತ್ತದೆ. ಗೀಸರಿನ ವಾಲ್ವ್ ಕೂಡ ಹಾಗೆಯೇ. ಅದು ತಣ್ಣೀರು ಒಳಗೆ ಹೋಗುವ ಪೈಪಿನ ಹತ್ತಿರ ಇರುತ್ತದೆ. ನೀರು ಕಾಯುವಾಗ ಅದರಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಹೆದರಬೇಡಿ. ಅದು ಅದರ ಕೆಲಸ. ಸೋರುತ್ತದೆ ಅಂತ ಬಟ್ಟೆ ತುರುಕಬೇಡಿ, ಮುಚ್ಚಳ ಬಿಗಿಸಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಕಟ್ಟುತ್ತದಲ್ಲ, ಅದು ವಾಲ್ವಿನಲ್ಲೂ ಕಟ್ಟುತ್ತದೆ. ವರ್ಷಕ್ಕೊಮ್ಮೆ ತೋರಿಸಬೇಕು.

ಇನ್ನು ಹಸಿರು ತಂತಿ. ಅದೇ ಅರ್ಥಿಂಗ್. ಗೀಸರ್ ಒಳಗಿನ ಕಾಯಿಲ್ ಒಡೆದರೆ ಕರೆಂಟು ನೀರಿಗೆ, ಹಂಡೆಗೆ ಇಳಿಯುತ್ತದೆ. ಅಲ್ಲಿಂದ ನೆಲಕ್ಕೆ ಹೋಗಲು ದಾರಿ ಹುಡುಕುತ್ತದೆ. ಹಸಿರು ತಂತಿ ಇದ್ದರೆ ಹೆಚ್ಚು ಪಾಲು ಅದರಲ್ಲಿ ಹೋಗಿ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ದಾರಿ ಯಾವುದು? ಒದ್ದೆ ಕಾಲಲ್ಲಿ ನಿಂತ ನಮ್ಮ ಮೈ. ಬೋರ್ಡಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ನಂಬಬೇಡಿ. ಗೋಡೆಯ ಒಳಗೆ ಆ ತಂತಿ ಸೇರಿದೆಯೋ ಇಲ್ಲವೋ, ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಈಗ ಒಂದು ಲೆಕ್ಕ. ಗೀಸರಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಇಂಗ್ಲಿಷ್ ಅಂತ ಬಿಡಬೇಡಿ. ಅಂಕಿ ಓದಿ. 2000 ಎಂದು ಇದ್ದರೆ ಅದು ವ್ಯಾಟ್. ಮನೆಯ ಕರೆಂಟು 230 ವೋಲ್ಟ್. 2000 ಅನ್ನು 230ರಿಂದ ಭಾಗಿಸಿ. ಸುಮಾರು 8.7 ಬರುತ್ತದೆ. ಅದು ಆಂಪಿಯರ್. ಸಣ್ಣ ಪ್ಲಗ್ಗು ತಡೆಯುವುದು 6 ಆಂಪಿಯರ್ ಮಾತ್ರ. ಅದಕ್ಕೇ ಅದು ಸುಟ್ಟದ್ದು. ಗೀಸರಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗು ಬೇಕು. ಚೀಟಿಯಲ್ಲಿ ಐಎಸ್‌ಐ ಗುರುತು ಇದೆಯಾ ಅದನ್ನೂ ನೋಡಿ.

ಅಕ್ಕ ಓನರ್ ಹತ್ತಿರ ಹೇಳಿದರು. "ಎಲ್ಲಾ ಮನೇಲೂ ಹೀಗೇ ಇದೆ ಕಣಮ್ಮ, ಯಾರಿಗೆ ಏನಾಗಿದೆ?" ಅಂದರು ಅವರು. ಬೆಸ್ಕಾಂಗೆ ಹೇಳೋಣ ಅಂದರು ಒಬ್ಬರು. ಆದರೆ ಮೀಟರಿನಿಂದ ಒಳಗಿನ ವೈರಿಂಗ್ ಮನೆ ಮಾಲೀಕರ ಹೊಣೆ. ಕಂಬ, ತಂತಿಯ ತೊಂದರೆಗೆ ಬೆಸ್ಕಾಂ, 1912. ಆದ್ದರಿಂದ ಓನರಿಗೇ ಕಾಗದ ಬರೆಯೋಣ ಅಂದೆವು. ಅಕ್ಕ ತಮ್ಮ ಕೈಯಲ್ಲೇ ಬರೆದರು. ಎರಡು ಸಂಜೆ ಹಿಡಿಯಿತು.

"ಮನೆ ಮಾಲೀಕರಿಗೆ ನಮಸ್ಕಾರ. ನಮ್ಮ ಗೀಸರಿಗೆ ಸೇಫ್ಟಿ ವಾಲ್ವ್ ಇಲ್ಲ. ಅರ್ಥಿಂಗ್ ತಂತಿ ಸೇರಿಸಿಲ್ಲ. ಪ್ಲಗ್ಗು ಸುಟ್ಟಿದೆ. ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ ಕೊಡಿ. ಅಲ್ಲಿವರೆಗೆ ನಾವು ಗೀಸರ್ ಹಾಕುವುದಿಲ್ಲ."

ಕೆಳಗೆ ತಾರೀಕು, ಸಹಿ. ಹೆಬ್ಬೆಟ್ಟು ಅಲ್ಲ, ಸಹಿ! ಕೊಡುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಬಾಯಿಮಾತಿಗೆ ನಕ್ಕವರು ಕಾಗದ ನೋಡಿ ಸುಮ್ಮನಾದರು. ನಾಲ್ಕು ದಿನದ ಮೇಲೆ ಎಲೆಕ್ಟ್ರಿಷಿಯನ್ ಬಂದರು. ಹಸಿರು ತಂತಿ ಸೇರಿಸಿ, ದೊಡ್ಡ ಪ್ಲಗ್ಗು ಹಾಕಿದರು. ಶಾಕ್ ಹೊಡೆದರೆ ತಾನೇ ಕರೆಂಟು ನಿಲ್ಲಿಸುವ ಇಎಲ್‌ಸಿಬಿ ಕೂಡ ಕೂಡಿಸಿದರು. ಪ್ಲಂಬರ್ ವಾಲ್ವ್ ಹಾಕಿದರು. ನಲ್ಲಿ ತಿರುಗಿಸಿ, ಗೀಸರ್ ತುಂಬಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿದರು. ಖಾಲಿ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಸರಿ ಮಾಡಿಸಿದ ಮೇಲೂ ಆ ಅಕ್ಕ ನೀರು ಕಾದ ಕೂಡಲೇ ಸ್ವಿಚ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗುತ್ತಾರೆ. ಒಳ್ಳೆ ಅಭ್ಯಾಸ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ 108ಕ್ಕೆ ಫೋನ್ ಮಾಡಿ.

ಗ್ಯಾಸ್ ಗೀಸರಿನ ಅಪಾಯ ಬೇರೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಬಣ್ಣ, ವಾಸನೆ ಇಲ್ಲದ ವಿಷಗಾಳಿ ತುಂಬುತ್ತದೆ. ಬೆಂಗಳೂರಿನಲ್ಲೇ ಹೀಗೆ ಜನ ಸತ್ತಿದ್ದಾರೆ. ಅದನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಬೇಕು.

ವಠಾರದ ಉಳಿದ ಮನೆಗಳನ್ನೂ ಅಕ್ಕಂದಿರೇ ನೋಡಿದರು. ಇನ್ನೂ ಎರಡು ಮನೆಯಲ್ಲಿ ವಾಲ್ವ್ ಇರಲಿಲ್ಲ. ಒಂದು ಮನೆಯದು ಸರಿಯಾಯಿತು. ಇನ್ನೊಂದಕ್ಕೆ "ಮುಂದಿನ ತಿಂಗಳು" ಅಂದಿದ್ದಾರೆ. ಆ ಮನೆಯವರು ಈಗ ಸ್ಟೌ ಮೇಲೆ ನೀರು ಕಾಯಿಸುತ್ತಾರೆ. ಅವರೂ ಕಾಗದ ಬರೆಯುತ್ತಿದ್ದಾರೆ.

ನೋಡಿ, ಬರೆಯಿರಿ:
ನಮ್ಮ ಗೀಸರ್ ............ ಲೀಟರಿನದು.
ಅದು ............ ವ್ಯಾಟ್.
ಸೇಫ್ಟಿ ವಾಲ್ವ್ (ಇದೆ / ಇಲ್ಲ) ............
ಪ್ಲಗ್ಗು ............ ಆಂಪಿಯರ್.