ಶಾರ್ಕ್ ಜೊತೆ ಈಜುವ ಮುನ್ನ

ಹೆದರಬೇಕಾದ್ದು ಮೀನಿಗಲ್ಲ, ನೀರಿಗೆ. ರಜೆಯ ಪ್ರವಾಸಕ್ಕೆ ಹೊರಟ ಹೈದರಾಬಾದಿನ ಕನ್ನಡಿಗರಿಗೆ ಹಂತ ಹಂತವಾದ ಮಾಹಿತಿ

ಬೇಗಂಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ಈಗ ರಜೆ ಎಂದರೆ ಊರಿಗೆ ಹೋಗುವುದಷ್ಟೇ ಅಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ನೆಲೆಸಿದ ಕುಟುಂಬಗಳೂ ಮಾಲ್ದೀವ್ಸ್, ಅಂಡಮಾನ್, ಲಕ್ಷದ್ವೀಪದ ಪ್ಯಾಕೇಜುಗಳನ್ನು ವಿಚಾರಿಸುತ್ತಿವೆ. ಪ್ಯಾಕೇಜಿನ ಪಟ್ಟಿಯಲ್ಲಿ ‘ಶಾರ್ಕ್ ಜೊತೆ ಈಜು’ ಎಂಬ ಸಾಲು ಕಂಡರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಮಕ್ಕಳು ಹೋಗೋಣ ಎನ್ನುತ್ತಾರೆ, ಹಿರಿಯರು ಬೇಡವೇ ಬೇಡ ಎನ್ನುತ್ತಾರೆ.

ಈ ಜಗಳ ಬಿಡಿಸಲು ಬೇಗಂಪೇಟೆಯ ಚರಿತ್ರೆಯೇ ಸಾಕು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಗುರುತಿಸಿದ್ದು ಇಲ್ಲಿಯೇ. 1902ರಲ್ಲಿ ಅವರಿಗೆ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು 5.97 ಲಕ್ಷ. ಅದೇ ವರ್ಷ ಯಾರೂ ಕೆಣಕದೆ ಶಾರ್ಕ್ ತಾನಾಗಿ ಕಚ್ಚಿದ ಪ್ರಕರಣಗಳು ಜಗತ್ತಿನಾದ್ಯಂತ 69, ಅವುಗಳಲ್ಲಿ ಸಾವು 10. ಇದು ಅಮೆರಿಕದ ಫ್ಲೋರಿಡಾದಲ್ಲಿರುವ ‘ಅಂತರರಾಷ್ಟ್ರೀಯ ಶಾರ್ಕ್ ದಾಳಿ ಕಡತ’ದ ಲೆಕ್ಕ.

ಹಾಗೆಂದು ಕಣ್ಣು ಮುಚ್ಚಿ ನೀರಿಗೆ ಹಾರಬೇಕಿಲ್ಲ. ಇಂಥ ಪ್ರವಾಸಗಳಲ್ಲಿ ಜೀವಕ್ಕೆ ಎರವಾಗುವುದು ಸೆಳೆತ, ಉಸಿರಾಟದ ತಪ್ಪು, ಹೃದಯದ ತೊಂದರೆ, ದೋಣಿಯ ಪ್ರೊಪೆಲ್ಲರ್. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರದಲ್ಲೇ ಅಲೆಗೆ ಸಿಕ್ಕಿ ಮೃತಪಟ್ಟರು. ಆದ್ದರಿಂದ ಸಿದ್ಧತೆಯ ಬಹುಪಾಲು ನಡೆಯಬೇಕಾದ್ದು ನೀರಿನ ವಿಷಯದಲ್ಲಿ.

ಹಂತ 1: ಯಾವ ಶಾರ್ಕ್ ಎಂದು ಕೇಳಿ

ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಬುಕಿಂಗ್ ಮಾಡುವಾಗ ಮೊದಲ ಪ್ರಶ್ನೆ ಇದೇ ಆಗಿರಲಿ.

ತಿಮಿಂಗಿಲ ಶಾರ್ಕ್ ಮೀನುಗಳಲ್ಲೇ ದೊಡ್ಡದು. 12 ಮೀಟರ್ ದಾಟಿ ಬೆಳೆಯಬಲ್ಲದು. ಬಾಯಿ ಎಷ್ಟೇ ಅಗಲವಿದ್ದರೂ ಅದು ತಿನ್ನುವುದು ನೀರಿನಲ್ಲಿ ತೇಲುವ ಪ್ಲವಕ (ಪ್ಲಾಂಕ್ಟನ್) ಮತ್ತು ಸಣ್ಣ ಮೀನು. ಈಜು ಬಲ್ಲ ಹೊಸಬರಿಗೆ ಇದು ಸೂಕ್ತ.

ನರ್ಸ್ ಶಾರ್ಕ್ ತಳದಲ್ಲಿ ಮಲಗಿರುವ ಸೌಮ್ಯ ಜೀವಿ. ತುಳಿದರೆ, ಬಾಲ ಎಳೆದರೆ ಕಚ್ಚುತ್ತದೆ, ಕಚ್ಚಿದರೆ ಬೇಗ ಬಿಡುವುದಿಲ್ಲ. ಹವಳದ ದಿಬ್ಬಗಳ ಬಳಿ ಸುತ್ತುವ, ರೆಕ್ಕೆಯ ತುದಿ ಕಪ್ಪಗಿರುವ ರೀಫ್ ಶಾರ್ಕ್ ಮನುಷ್ಯರನ್ನು ಕಂಡರೆ ತಾನೇ ದೂರ ಸರಿಯುತ್ತದೆ. ಬಂಡೆಯ ಸಂದಿಯಲ್ಲಿ ಅಡಗಿರುವ ಬಿದಿರು ಶಾರ್ಕ್ ಅದಕ್ಕಿಂತಲೂ ನಾಚಿಕೆಯದು.

ಮಾಲ್ದೀವ್ಸ್‌ನ ಫುವಾಮುಲಾ ದ್ವೀಪ ಟೈಗರ್ ಶಾರ್ಕ್‌ಗಳಿಗೆ ಹೆಸರಾಗಿದೆ. ಅದು ಅನುಭವಿ ಡೈವರ್‌ಗಳ ಜಾಗ. ಮೊದಲ ಸಲ ಸಮುದ್ರಕ್ಕೆ ಇಳಿಯುವವರು ಆ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಿ.

ಹಂತ 2: ಜಾಗ ಮತ್ತು ಕಾಲ ಹೊಂದಿಸಿ

ನಮ್ಮ ಕರ್ನಾಟಕದಲ್ಲೇ ಆಗಬೇಕೆಂದರೆ ನೇತ್ರಾಣಿ. ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ಒಳಗಿರುವ ಈ ಜನವಸತಿಯಿಲ್ಲದ ದ್ವೀಪವನ್ನು ಮೇಲಿನಿಂದ ನೋಡಿದರೆ ಹೃದಯದ ಆಕಾರ. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ ಸಾಕ್ಷ್ಯಚಿತ್ರಕ್ಕಾಗಿ (2022) ನೀರಿಗಿಳಿದದ್ದೂ ಇಲ್ಲಿಯೇ. ರೀಫ್ ಶಾರ್ಕ್, ಬಿದಿರು ಶಾರ್ಕ್ ಇಲ್ಲಿ ಕಾಣಸಿಗುತ್ತವೆ, ತಿಮಿಂಗಿಲ ಶಾರ್ಕ್ ಅಪರೂಪ. ಕಂಡೇ ಕಾಣುತ್ತವೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಅಕ್ಟೋಬರ್‌ನಿಂದ ಮೇ ತನಕ ನಡೆಯುತ್ತದೆ. ಮಳೆ ನಿಂತ ಹೊಸತರಲ್ಲಿ ನೀರು ಕಲಕಿರುವುದರಿಂದ ಡಿಸೆಂಬರ್‌ನಿಂದ ಫೆಬ್ರುವರಿ ತನಕ ಹೋಗುವುದು ಮೇಲು.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಕೊಚ್ಚಿಯಿಂದ ಅಗತ್ತಿಗೆ ವಿಮಾನವಿದೆ. ಅಲ್ಲಿನ ಲಗೂನುಗಳಲ್ಲಿ ಮರಿ ರೀಫ್ ಶಾರ್ಕ್‌ಗಳು ಮೊಣಕಾಲುದ್ದದ ನೀರಿನಲ್ಲೇ ಓಡಾಡುತ್ತವೆ.

ಮಾಲ್ದೀವ್ಸ್ 2010ರಲ್ಲಿ ಶಾರ್ಕ್ ಬೇಟೆಯನ್ನು ಪೂರ್ಣ ನಿಷೇಧಿಸಿತು. ದಕ್ಷಿಣ ಆರಿ ಹವಳದ್ವೀಪ ಸಮೂಹದ ಮಾಮಿಗಿಲಿ ಸುತ್ತಮುತ್ತ ವರ್ಷವಿಡೀ ತಿಮಿಂಗಿಲ ಶಾರ್ಕ್ ಕಾಣುವ ಸಂಭವವಿದೆ. ಬಾ ಹವಳದ್ವೀಪದ ಹನಿಫಾರು ಕೊಲ್ಲಿಗೆ ಜೂನ್‌ನಿಂದ ನವೆಂಬರ್ ತನಕ ಮಾಂಟಾ ತೊರಕೆಗಳ ಜೊತೆ ಅವೂ ಬರುತ್ತವೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾಕ್ಕೆ ಅನುಮತಿಯಿಲ್ಲ. ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಕಟ್ಟಿಕೊಂಡು ಮೇಲ್ಮೈಯಲ್ಲಿ ಈಜಿಯೇ ನೋಡಬೇಕು.

ಹಂತ 3: ಡಾಕ್ಟರನ್ನು ಹೈದರಾಬಾದಿನಲ್ಲೇ ಕಾಣಿ

ಸ್ಕೂಬಾಗೆ ಮುನ್ನ ಆರೋಗ್ಯದ ಪ್ರಶ್ನಾವಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಉಬ್ಬಸ, ಹೃದ್ರೋಗ, ಫಿಟ್ಸ್, ಕಿವಿ ಅಥವಾ ಸೈನಸ್ ಶಸ್ತ್ರಚಿಕಿತ್ಸೆ, ಶ್ವಾಸಕೋಶದ ತೊಂದರೆ, ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಗರ್ಭಿಣಿಯರು ಸ್ಕೂಬಾ ಮಾಡಲೇಬಾರದು. ನಲವತ್ತೈದು ದಾಟಿ, ಸಿಗರೇಟು ಅಥವಾ ಕೊಲೆಸ್ಟರಾಲ್ ಇದ್ದವರು ಹೃದಯ ತಪಾಸಣೆ ಮಾಡಿಸಿಕೊಂಡೇ ಹೊರಡಿ.

ದೋಣಿ ಹತ್ತುವ ಹೊತ್ತಿಗೆ ಕೈಗೆ ಬಂದ ಫಾರಂನಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ಟಿಕ್ ಮಾಡುವುದು ಬಹಳ ಜನರ ಅಭ್ಯಾಸ. ಹಣ ಕೊಟ್ಟಾಗಿದೆ, ಮನೆಯವರೆಲ್ಲ ಕಾಯುತ್ತಿದ್ದಾರೆ ಎಂಬ ಮುಲಾಜು ಅದಕ್ಕೆ ಕಾರಣ. ಫಾರಂ ಅನ್ನು ವಾರ ಮೊದಲೇ ತರಿಸಿಕೊಂಡು ಮನೆಯಲ್ಲೇ ತುಂಬಿದರೆ ಆ ಮುಲಾಜು ಇರುವುದಿಲ್ಲ. ಸ್ಕೂಬಾ ತರಬೇತಿಗೆ ಸಾಮಾನ್ಯವಾಗಿ ಕನಿಷ್ಠ ವಯಸ್ಸು 10 ವರ್ಷ.

ನೆಗಡಿಯಾಗಿದ್ದರೆ ಮಾತ್ರೆ ನುಂಗಿ ಇಳಿಯುವ ಸಾಹಸ ಬೇಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಒತ್ತಡ ಸರಿಹೋಗದೆ ತಮಟೆಗೆ ಪೆಟ್ಟಾಗುತ್ತದೆ.

ಹಂತ 4: ಈಜುಕೊಳದಲ್ಲಿ ಅಭ್ಯಾಸ

‘ಈಜು ಬರದಿದ್ದರೂ ಪರವಾಗಿಲ್ಲ’ ಎಂಬ ಜಾಹೀರಾತನ್ನು ನಂಬಿ ಸುಮ್ಮನಾಗಬೇಡಿ. ನೇತ್ರಾಣಿಯಂಥ ಕಡೆ ತರಬೇತುದಾರರು ಹೊಸಬರ ಕೈಹಿಡಿದು ಇಳಿಸುತ್ತಾರೆ, ಮೊದಲ ಡೈವ್‌ಗೆ 12 ಮೀಟರ್ ಆಳದ ಮಿತಿ ಇರುತ್ತದೆ. ತಿಮಿಂಗಿಲ ಶಾರ್ಕ್ ನೋಡುವುದು ಬೇರೆ ಮಾತು. ದೋಣಿಯಿಂದ ತೆರೆದ ಸಮುದ್ರಕ್ಕೆ ಇಳಿದು, ಚಲಿಸುವ ಮೀನಿನ ಜೊತೆ ನೀವೇ ಈಜಬೇಕು.

ಎರಡು ತಿಂಗಳು ಮೊದಲೇ ಹತ್ತಿರದ ಕ್ಲಬ್ ಅಥವಾ ಸೊಸೈಟಿಯ ಕೊಳಕ್ಕೆ ಹೋಗಲು ಶುರುಮಾಡಿ. ನಿಲ್ಲದೆ 200 ಮೀಟರ್ ಈಜುವುದು, ಏನನ್ನೂ ಹಿಡಿಯದೆ ಹತ್ತು ನಿಮಿಷ ತೇಲುವುದು, ಇವೆರಡು ಬಂದರೆ ಸಾಕು. ಸ್ಕೂಬಾದ ಮೊದಲ ಪ್ರಮಾಣಪತ್ರಕ್ಕೂ ಇದೇ ಅಳತೆ. ಆಮೇಲೆ ಮಾಸ್ಕ್ ಕಟ್ಟಿ ಬಾಯಿಯಿಂದ ಉಸಿರಾಡುವುದು, ಮಾಸ್ಕ್ ಒಳಗೆ ನೀರು ಬಂದರೆ ಗಾಬರಿಯಾಗದೆ ಮೂಗಿನಿಂದ ಊದಿ ಹೊರಹಾಕುವುದು, ಫಿನ್ ಕಟ್ಟಿ ಸೊಂಟದಿಂದ ಕಾಲಾಡಿಸುವುದು. ಮೀಸೆ ದಪ್ಪಗಿದ್ದವರ ಮಾಸ್ಕ್‌ನಲ್ಲಿ ನೀರು ಸೋರುತ್ತದೆ, ತುಸು ಟ್ರಿಮ್ ಮಾಡಿಕೊಳ್ಳಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಮುಂಚೆಯೇ ವಿಚಾರಿಸಿ.

ಹಂತ 5: ದಾರಿ, ಕಾಗದಪತ್ರ, ವಿಮೆ

ಮುರುಡೇಶ್ವರಕ್ಕೆ ಕಾಚಿಗುಡದಿಂದ ವಾರಕ್ಕೆರಡು ದಿನ ನೇರ ರೈಲಿದೆ. ಮಂಗಳೂರಿನ ತನಕ ಓಡುತ್ತಿದ್ದ ಗಾಡಿಯನ್ನು 2024ರಲ್ಲಿ ಮುರುಡೇಶ್ವರಕ್ಕೆ ವಿಸ್ತರಿಸಲಾಯಿತು. ತಿರುಪತಿ, ಪಾಲಕ್ಕಾಡ್, ಕಾಸರಗೋಡು ಸುತ್ತಿ ಹೋಗುವುದರಿಂದ ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅವಸರವಿದ್ದರೆ ಮಂಗಳೂರಿಗೆ ವಿಮಾನ, ಅಲ್ಲಿಂದ ಸುಮಾರು 150 ಕಿ.ಮೀ. ರಸ್ತೆ.

ಪಾಸ್‌ಪೋರ್ಟ್ ಇಲ್ಲದವರಿಗೆ ಬೇಗಂಪೇಟೆಯಲ್ಲೇ ಸೇವಾ ಕೇಂದ್ರವಿದೆ. ಮಾಲ್ದೀವ್ಸ್ ಭಾರತೀಯರಿಗೆ ಬಂದಿಳಿದ ಮೇಲೆ ಉಚಿತ ವೀಸಾ ಕೊಡುತ್ತದೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಬೇಕು, ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಅಲ್ಲಿನ ವಲಸೆ ಇಲಾಖೆಯ ಐಮುಗಾ ಜಾಲತಾಣದಲ್ಲಿ ಘೋಷಣೆ ತುಂಬಬೇಕು. ಶಂಷಾಬಾದಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಮದ್ಯ ಕೊಂಡೊಯ್ದರೆ ಮಾಲೆಯ ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ. ಬರುವಾಗ ಹವಳದ ತುಂಡು ತರುವುದೂ ಅಪರಾಧ.

ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವುದು ಹೆಚ್ಚು. ‘ಸ್ಕೂಬಾ’ ಎಂಬ ಪದ, ಎಷ್ಟು ಮೀಟರ್ ತನಕ, ಡೈವಿಂಗ್ ತೊಂದರೆಗೆ ಬಳಸುವ ಒತ್ತಡ ಕೊಠಡಿಯ ಚಿಕಿತ್ಸೆ ಸೇರಿದೆಯೇ, ಈ ಮೂರನ್ನೂ ಪಾಲಿಸಿಯಲ್ಲಿ ಓದಿ ನೋಡಿ.

ಹಂತ 6: ಕರೆದೊಯ್ಯುವವರನ್ನು ಪರೀಕ್ಷಿಸಿ

ಫೋನ್ ಮಾಡಿ ಈ ಪ್ರಶ್ನೆಗಳನ್ನು ಕೇಳಿ:

- ಒಬ್ಬ ತರಬೇತುದಾರರ ಜೊತೆ ಎಷ್ಟು ಜನ? ಹೊಸಬರಿಗೆ ಒಬ್ಬರಿಗೊಬ್ಬರು ಇದ್ದರೆ ಉತ್ತಮ.
- ಅವರ ಪ್ರಮಾಣಪತ್ರ ಯಾವ ಸಂಸ್ಥೆಯದು, ಈಗಲೂ ಚಾಲ್ತಿಯಲ್ಲಿದೆಯೇ?
- ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್, ಲೈಫ್ ಜಾಕೆಟ್, ವೈರ್‌ಲೆಸ್ ಇವೆಯೇ?
- ಹತ್ತಿರದ ಒತ್ತಡ ಕೊಠಡಿ ಎಲ್ಲಿದೆ?
- ಅಲೆ ಜಾಸ್ತಿಯಾಗಿ ರದ್ದಾದರೆ ಹಣ ವಾಪಸ್ಸೇ?
- ಶಾರ್ಕ್ ಬರಲೆಂದು ಮೀನಿನ ತುಂಡು ಎಸೆಯುತ್ತೀರಾ?

ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ ಬೇರೆಯವರನ್ನು ಹುಡುಕಿ. ದೋಣಿಯ ಸದ್ದಿಗೂ ಊಟಕ್ಕೂ ನಂಟು ಕಲಿತ ಶಾರ್ಕ್ ಮನುಷ್ಯರಿಂದ ದೂರ ಇರುವ ಅಭ್ಯಾಸವನ್ನು ಕಳೆದುಕೊಳ್ಳುತ್ತದೆ. ಅದರಿಂದ ಇಬ್ಬರಿಗೂ ಅಪಾಯ.

ಹಂತ 7: ನೀರಿನಲ್ಲಿ ಹೀಗಿರಿ

ಬೆಳಿಗ್ಗೆ ಎರಡು ಇಡ್ಲಿಯಂಥ ಹಗುರ ತಿಂಡಿ ಸಾಕು. ದೋಣಿಯಲ್ಲಿ ತಲೆಸುತ್ತು ಬರುವವರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೊರಡುವ ಮುನ್ನವೇ ತೆಗೆದುಕೊಳ್ಳಿ. ಸರ, ಓಲೆ, ಕಾಲ್ಗೆಜ್ಜೆ, ವಾಚು ದಡದಲ್ಲೇ ಇರಲಿ. ಹೊಳೆಯುವ ವಸ್ತು ಶಾರ್ಕ್‌ಗೆ ಮೀನಿನ ಹೊಟ್ಟೆಯ ಹೊಳಪಿನಂತೆ ಕಾಣಬಹುದು. ಸನ್‌ಸ್ಕ್ರೀನ್ ಬಳಿಯುವ ಬದಲು ತುಂಬುತೋಳಿನ ಈಜುಡುಪು ಹವಳಕ್ಕೂ ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ಇಳಿದರೆ ಶಾರ್ಕ್ ಬೆನ್ನುಹತ್ತುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಧೊಪ್ಪೆಂದು ಹಾರದೆ ಮೆಲ್ಲಗೆ ಇಳಿಯಿರಿ. ತಿಮಿಂಗಿಲ ಶಾರ್ಕ್‌ನ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರವಿರಿ. ಬಾಲದ ಒಂದು ಬೀಸು ಸಾಕು ಮನುಷ್ಯನನ್ನು ಗಾಯಗೊಳಿಸಲು. ಮುಂದೆ ಹೋಗಿ ದಾರಿ ಅಡ್ಡಗಟ್ಟಬೇಡಿ, ಪಕ್ಕದಲ್ಲಿ ಈಜಿ. ಮುಟ್ಟುವುದು, ಫ್ಲ್ಯಾಶ್ ಹಾಕುವುದು ಬೇಡ. ನಮ್ಮ ದೇಶದಲ್ಲಿ ಈ ಮೀನಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಸ್ಥಾನವಿದೆ, ಹುಲಿಗೆ ಇರುವಂತೆಯೇ.

ರೀಫ್ ಶಾರ್ಕ್ ಹತ್ತಿರ ಬಂದರೆ ಕೈಕಾಲು ಬಡಿಯಬೇಡಿ. ಕೈಗಳನ್ನು ಎದೆಗೆ ಹತ್ತಿರ ಇಟ್ಟುಕೊಂಡು, ಅದರ ಮೇಲೆ ಕಣ್ಣಿಟ್ಟು, ನೇರವಾಗಿ ನಿಂತ ಭಂಗಿಯಲ್ಲಿ ನಿಧಾನವಾಗಿ ಗೈಡ್ ಕಡೆಗೆ ಹಿಂದೆ ಸರಿಯಿರಿ. ಕತ್ತಲಾಗುವಾಗ, ಕಲಕು ನೀರಿನಲ್ಲಿ, ಮೀನುಗಾರರು ಮೀನಿನ ತ್ಯಾಜ್ಯ ಎಸೆಯುವ ಕಡೆ ಇಳಿಯಲೇಬೇಡಿ.

ಸ್ಕೂಬಾದಲ್ಲಿ ಮರೆಯಬಾರದ ನಿಯಮ ಒಂದೇ: ಉಸಿರು ಬಿಗಿಹಿಡಿಯಬೇಡಿ. ಮೇಲೆ ಬಂದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಶಾರ್ಕ್ ಕಂಡ ಸಂಭ್ರಮದಲ್ಲಿ ಉಸಿರು ಹಿಡಿದು ಸರ್ರನೆ ಮೇಲೇರುವುದು ಶಾರ್ಕ್‌ಗಿಂತ ಎಷ್ಟೋ ಪಾಲು ಅಪಾಯಕಾರಿ. ಇಳಿಯುವಾಗ ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಸರಿಪಡಿಸಿಕೊಳ್ಳಿ. ನೋವಾದರೆ ನಿಲ್ಲಿ, ಕೈಸನ್ನೆ ಮಾಡಿ.

ಹಂತ 8: ಹಿಂತಿರುಗುವ ಲೆಕ್ಕ

ಸ್ಕೂಬಾ ಮಾಡಿದಾಗ ರಕ್ತದಲ್ಲಿ ಸಾರಜನಕ ಕರಗಿರುತ್ತದೆ, ಎತ್ತರಕ್ಕೆ ಏರಿದಾಗ ಗಾಳಿಯ ಒತ್ತಡ ತಗ್ಗಿ ಅದು ಗುಳ್ಳೆಗಳಾಗಬಹುದು. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಪ್ರವಾಸದ ಕೊನೆಯ ದಿನವನ್ನು ದಡಕ್ಕೇ ಮೀಸಲಿಟ್ಟರೆ ಚಿಂತೆಯಿಲ್ಲ.

600 ಮೀಟರ್ ದಾಟುವ ಎತ್ತರಕ್ಕೆ ರಸ್ತೆಯಲ್ಲಿ ಹೋಗುವವರಿಗೂ ಇದೇ ನಿಯಮ. ಮಧ್ಯಾಹ್ನ ನೇತ್ರಾಣಿಯಿಂದ ಬಂದು ಸಂಜೆಯೇ ಘಟ್ಟ ಹತ್ತಿ ಹುಬ್ಬಳ್ಳಿ ಮೇಲೆ ಹೈದರಾಬಾದಿಗೆ ಕಾರು ಓಡಿಸುವ ಯೋಜನೆ ಬೇಡ. ಕಾಚಿಗುಡದ ರೈಲು ಸುತ್ತಿ ಬಂದರೂ ಪಾಲಕ್ಕಾಡ್ ಕಣಿವೆಯ ತಗ್ಗಿನಲ್ಲೇ ಸಾಗುತ್ತದೆ, ಅದೊಂದು ಅನುಕೂಲ. ಬರೀ ಸ್ನಾರ್ಕೆಲ್ ಮಾಡಿದವರಿಗೆ ಈ ಕಾಯುವಿಕೆ ಬೇಕಿಲ್ಲ.

ಕೀಲು ನೋವು, ಜೋಮು, ತಲೆಸುತ್ತು, ವಿಪರೀತ ಆಯಾಸ ಒಂದೆರಡು ದಿನದೊಳಗೆ ಕಂಡರೆ ವೈದ್ಯರ ಬಳಿ ‘ಸ್ಕೂಬಾ ಮಾಡಿ ಬಂದಿದ್ದೇನೆ’ ಎಂದು ಮೊದಲೇ ಹೇಳಿ. ಅದನ್ನು ಹೇಳದಿದ್ದರೆ ಸಾಮಾನ್ಯ ಮೈಕೈ ನೋವೆಂದು ಮಾತ್ರೆ ಕೊಟ್ಟು ಕಳಿಸಬಹುದು.

ಶಾರ್ಕ್ ಕಾಣದೇ ಹೋದರೆ?

ಕಾಡಿಗೆ ಹೋದವರಿಗೆಲ್ಲ ಹುಲಿ ಕಾಣುವುದಿಲ್ಲ. ‘ಇಷ್ಟು ದುಡ್ಡು ಕೊಟ್ಟಿದ್ದೇವೆ, ತೋರಿಸಿ’ ಎಂದು ದೋಣಿಯವರ ಮೇಲೆ ಒತ್ತಡ ಹಾಕಬೇಡಿ. ಮೀನಿನ ತುಂಡು ಎಸೆಯುವುದು, ಹತ್ತು ದೋಣಿ ಒಂದೇ ಶಾರ್ಕ್ ಸುತ್ತುವುದು ಶುರುವಾಗುವುದೇ ಗ್ರಾಹಕರ ಈ ಹಟದಿಂದ. ಕಾಣದ ದಿನವೂ ಅವರು ನಿಯಮ ಮುರಿಯದಿದ್ದರೆ, ಮನೆಗೆ ಬಂದ ಮೇಲೆ ಅವರ ಪರವಾಗಿ ಒಳ್ಳೆಯ ಅಭಿಪ್ರಾಯ ಬರೆಯಿರಿ. ಮುಂದಿನ ಸಲ ಬುಕ್ ಮಾಡುವವರು ಓದುವುದು ಅದನ್ನೇ.